ಪಡುಕರೆಯ ದಾರಿಯಲ್ಲಿ ಹದಿನೈದು ನಿಮಿಷ

ನೋವು ಮೊದಲು ಕಾಣಿಸಿದ್ದು ತೆಕ್ಕಟ್ಟೆ ದಾಟಿದ ಮೇಲೆ. ಅಕ್ಟೋಬರ್ ತಿಂಗಳ ಒಂದು ಭಾನುವಾರ. ಬೆಳಗ್ಗೆ ಐದಕ್ಕೇ ಉಡುಪಿ ಬಿಟ್ಟು ನಾವು ನಾಲ್ಕು ಜನ ಸೈಕಲ್ಲಿನಲ್ಲಿ ಮರವಂತೆಗೆ ಹೋಗಿದ್ದೆವು. ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ, ನಡುವೆ ಹೆದ್ದಾರಿ. ಮಳೆಗಾಲ ಮುಗಿದು ಆಕಾಶ ತೊಳೆದಿಟ್ಟ ಹಾಗಿತ್ತು. ಬನ್ಸ್ ತಿಂದು ಚಹಾ ಕುಡಿದು ವಾಪಸ್ ಹೊರಟಾಗ ಕಾಲಲ್ಲಿ ಆಯಾಸ ಅನ್ನುವುದೇ ಇರಲಿಲ್ಲ. ಹೋಗಿಬರುವ ದಾರಿ ಸುಮಾರು 110 ಕಿಲೋಮೀಟರ್. ಅಷ್ಟು ದೂರ ತುಳಿದದ್ದು ಆ ವರ್ಷ ಅದೇ ಮೊದಲು.

ಬಲಗಾಲಿನ ಮಂಡಿಯ ಹೊರಬದಿಯಲ್ಲಿ ಏನೋ ಚುಚ್ಚಿದ ಹಾಗಾಯಿತು. ಕೋಟ ಬರುವಾಗ ಅದು ಪ್ರತಿ ಸುತ್ತಿಗೂ ಬರಲು ಶುರುವಾಯಿತು. ಪೆಡಲ್ ಮೇಲಿದ್ದಾಗ ಏನೂ ಇಲ್ಲ. ಕೆಳಗೆ ಇಳಿಯುತ್ತ ಕಾಲು ಇನ್ನೇನು ನೇರ ಆಗಬೇಕು ಅನ್ನುವಾಗ, ಸರಿಯಾಗಿ ಅದೇ ಜಾಗದಲ್ಲಿ, ಕಾದ ಮೊಳೆ ತಾಗಿಸಿದ ಹಾಗೆ. ಸಾಲಿಗ್ರಾಮದಲ್ಲಿ ಇಳಿದು ಬಸ್ ಸ್ಟಾಪಿನ ಕಟ್ಟೆಯ ಮೇಲೆ ಕುಳಿತೆ. ಕುಳಿತರೆ ನೋವಿಲ್ಲ. ನಾಲ್ಕು ಹೆಜ್ಜೆ ನಡೆದರೂ ಇಲ್ಲ. ಸೀಟಿಗೆ ಹತ್ತಿ ಇಪ್ಪತ್ತು ಸುತ್ತು ತುಳಿದರೆ ಮತ್ತೆ ಹಾಜರ್. ಬ್ರಹ್ಮಾವರದಿಂದ ಮನೆಯವರೆಗೆ ಎಡಗಾಲೊಂದರಲ್ಲೇ ತುಳಿದು ಬಂದೆ. ಹಾಗೆ ಬರಬಾರದಿತ್ತು. ಮನೆಯವರಿಗೆ ಫೋನ್ ಮಾಡಿದ್ದರೆ ಕಾರು ತರುತ್ತಿದ್ದರು. ಮಾರನೇ ದಿನ ಬ್ಯಾಂಕಿನ ಮೆಟ್ಟಿಲು ಹತ್ತುವಾಗ ಏನೂ ಆಗಲಿಲ್ಲ. ಇಳಿಯುವಾಗ ಕೈಕಂಬಿ ಹಿಡಿಯಬೇಕಾಯಿತು.

ಸೈಕಲ್ ನನ್ನ ಬದುಕಿಗೆ ಬಂದದ್ದು 2020ರ ಲಾಕ್‌ಡೌನ್ ಸಮಯದಲ್ಲಿ, 38ನೇ ವಯಸ್ಸಿಗೆ. ಬೆಳಗಿನ ಐದೂವರೆಯಿಂದ ಏಳರವರೆಗಿನ ಆ ಒಂದೂವರೆ ಗಂಟೆ ನನ್ನದೇ. ಆಗ ನಾನು ಯಾರ ಅಮ್ಮನೂ ಅಲ್ಲ, ಯಾರ ಸೊಸೆಯೂ ಅಲ್ಲ, ಯಾರ ಸಾಲದ ಫೈಲೂ ನನ್ನ ಮೇಜಿನ ಮೇಲಿಲ್ಲ. ಅದಕ್ಕೇ ಈ ನೋವು ಬರೀ ಮಂಡಿಯ ನೋವಾಗಿ ಉಳಿಯಲಿಲ್ಲ. ಸೈಕಲ್ ಇಲ್ಲದ ಬೆಳಗ್ಗೆಗಳಲ್ಲಿ ನಾನು ಮನೆಯವರ ಮೇಲೆಲ್ಲ ಸಿಡುಕುತ್ತಿದ್ದೆ. ಮಗಳೇ ಒಂದು ದಿನ ಕೇಳಿದಳು, "ಅಮ್ಮ, ನಿಂಗೆ ಯಾವಾಗ ಗುಣ ಆಗೂದು?"

ಮೊದಲು ಹೋದ ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ತೆಗೆದರು. ಎಲುಬು ಸರಿ ಇದೆ ಎಂದರು. ಐದು ದಿನದ ನೋವಿನ ಮಾತ್ರೆ, ಒಂದು ನೀ ಕ್ಯಾಪ್, ಎರಡು ವಾರ ವಿಶ್ರಾಂತಿ. ಸೈಕಲ್ ಬಗ್ಗೆ ಒಂದೇ ಪ್ರಶ್ನೆ ಕೇಳಿದರು: ಬಿಡಬಹುದಲ್ವಾ? ಎರಡು ವಾರ ಹೇಳಿದ ಹಾಗೆಯೇ ಇದ್ದೆ. ನೋವು ಪೂರ್ತಿ ಹೋಯಿತು. ಖುಷಿಯಿಂದ ಹತ್ತಿದೆ. ಹನ್ನೆರಡನೇ ಕಿಲೋಮೀಟರಿಗೆ ಅದೇ ಜಾಗದಲ್ಲಿ ಅದೇ ಮೊಳೆ. ಮತ್ತೆ ಹತ್ತು ದಿನ ಬಿಟ್ಟು ಹೋದರೆ ಒಂಬತ್ತನೇ ಕಿಲೋಮೀಟರಿಗೆ. ನಾನು ಹೆದರಿದ್ದು ಆವಾಗ. ವಿಶ್ರಾಂತಿ ಜಾಸ್ತಿ ಆದಷ್ಟೂ ನೋವು ಬೇಗ ಬರುತ್ತಿದೆ ಅಂದರೆ ಏನರ್ಥ?

ಮಣಿಪಾಲದಲ್ಲಿ ಕಲಿತು ಇಲ್ಲೇ ಕೆಲಸ ಮಾಡುವ ಒಬ್ಬಳು ಫಿಸಿಯೋ ಇದ್ದಾಳೆ ಅಂತ ಗೆಳತಿ ಹೇಳಿದಳು. ನನ್ನ ಮಗಳಿಗಿಂತ ಹತ್ತು ವರ್ಷ ದೊಡ್ಡವಳಿರಬಹುದು, ಅಷ್ಟೆ. ನನ್ನನ್ನು ಮಲಗಿಸಿ, ಮಂಡಿಯನ್ನು 90 ಡಿಗ್ರಿ ಮಡಚಿ, ಹೊರಬದಿಯ ಎಲುಬಿನ ಉಬ್ಬಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದಳು. "ನಿಧಾನಕ್ಕೆ ಕಾಲು ಚಾಚಿ ಮೇಡಂ." ಚಾಚಿದೆ. ಏನೂ ಇಲ್ಲ, ಏನೂ ಇಲ್ಲ. ಇನ್ನೇನು ಕಾಲು ನೇರ ಆಗಲು ಸ್ವಲ್ಪ ಉಳಿದಿದೆ ಅನ್ನುವಾಗ ಜೀವ ಹೋದ ಹಾಗಾಯಿತು. "ಇದೇ ನೋವಾ?" ಅಂದಳು. ಅದೇ ನೋವು. ಸುಮಾರು 30 ಡಿಗ್ರಿ ಬಾಗಿದಾಗ ಹೀಗೆ ನೋಯುವುದು ಈ ತೊಂದರೆಯ ಗುರುತಂತೆ. ಪೆಡಲ್ ಅತ್ಯಂತ ಕೆಳಗಿದ್ದಾಗ ಸೈಕಲ್ ತುಳಿಯುವವರ ಮಂಡಿ ಬಾಗಿರುವುದೂ ಹೆಚ್ಚುಕಡಿಮೆ ಅಷ್ಟೇ, 25ರಿಂದ 35 ಡಿಗ್ರಿ. ನಿಮಿಷಕ್ಕೆ 80 ಸುತ್ತು ತುಳಿದರೆ ಗಂಟೆಗೆ 4,800 ಸಲ ಮಂಡಿ ಆ ಜಾಗ ದಾಟುತ್ತದೆ. ಮರವಂತೆಗೆ ಹೋಗಿಬಂದ ಐದು ಗಂಟೆಗೆ ಲೆಕ್ಕ ಹಾಕಿದರೆ 24,000 ಸಲ.

ಆಮೇಲೆ ಒಂದೇ ಕಾಲಲ್ಲಿ ನಿಂತು ಸ್ವಲ್ಪ ಕುಕ್ಕರಿಸಲು ಹೇಳಿದಳು, ಕನ್ನಡಿಯ ಎದುರು. ಎಡಗಾಲಲ್ಲಿ ಸರಿಯಾಗಿಯೇ ಮಾಡಿದೆ. ಬಲಗಾಲಲ್ಲಿ ನಿಂತ ಕೂಡಲೇ ಸೊಂಟ ಒಂದು ಬದಿಗೆ ಜಾರಿತು, ಮಂಡಿ ಒಳಗೆ ವಾಲಿತು. ನಾನೇ ಕನ್ನಡಿಯಲ್ಲಿ ನೋಡಿದೆ. ಇಷ್ಟು ವರ್ಷ ನನ್ನದೇ ಕಾಲು, ಗೊತ್ತೇ ಇರಲಿಲ್ಲ.

"ಮಂಡಿದೇನೂ ತಪ್ಪಿಲ್ಲ ಮೇಡಂ," ಅಂದಳು. "ಅದು ಪಾಪ, ನಡುವೆ ಸಿಕ್ಕಿ ಹಾಕಿಕೊಂಡಿದೆ. ಮೇಲೆ ಸೊಂಟ ಗಟ್ಟಿ ಇಲ್ಲ, ಕೆಳಗೆ ಪಾದವನ್ನು ನೀವು ಪೆಡಲಿಗೆ ಕಟ್ಟಿ ಹಾಕಿದ್ದೀರಿ."

ತೊಡೆಯ ಹೊರಬದಿಯಲ್ಲಿ ಸೊಂಟದ ಎಲುಬಿನಿಂದ ಮಂಡಿಯ ಕೆಳಗಿನವರೆಗೆ ಒಂದು ದಪ್ಪ ಪಟ್ಟಿ ಇಳಿದು ಬರುತ್ತದೆ. ಅದರ ಹೆಸರು ಇಲಿಯೋಟಿಬಿಯಲ್ ಬ್ಯಾಂಡ್. ಸೊಂಟದ ಇಲಿಯಂ ಎಲುಬಿನಿಂದ ಮೊಣಕಾಲ ಕೆಳಗಿನ ಟಿಬಿಯಾ ಎಲುಬಿನವರೆಗೆ ಹೋಗುವುದರಿಂದ ಆ ಹೆಸರು. ಅದು ಸ್ನಾಯು ಅಲ್ಲ, ತಾನಾಗಿ ಎಳೆದುಕೊಳ್ಳುವುದೂ ಇಲ್ಲ, ಸಡಿಲ ಆಗುವುದೂ ಇಲ್ಲ. ಅದನ್ನು ಎಳೆದು ಹಿಡಿಯುವುದು ಮೇಲಿರುವ ಎರಡು ಸ್ನಾಯುಗಳು. ಒಂದು ಸೊಂಟದ ಮುಂದಿನ ಬದಿಯಲ್ಲಿರುವ ಚಿಕ್ಕ ಸ್ನಾಯು, ಇನ್ನೊಂದು ಹಿಂದಿನ ದೊಡ್ಡ ಗ್ಲೂಟಿಯಸ್ ಮ್ಯಾಕ್ಸಿಮಸ್. ಬದಿಯಲ್ಲಿರುವ ಗ್ಲೂಟಿಯಸ್ ಮೀಡಿಯಸ್ ಸ್ನಾಯುವಿನ ಕೆಲಸ ಸೊಂಟ ಜಾರದ ಹಾಗೆ ನೋಡಿಕೊಳ್ಳುವುದು. ಅದಕ್ಕೆ ಶಕ್ತಿ ಇಲ್ಲದಿದ್ದರೆ ಆ ಹೊರೆಯೂ ಪಟ್ಟಿಯ ಮೇಲೆ ಬೀಳುತ್ತದೆ.

ಈ ತೊಂದರೆಯನ್ನು 1975ರಲ್ಲಿ ಅಮೆರಿಕದ ನೌಕಾದಳದ ಒಬ್ಬ ವೈದ್ಯರು ತರಬೇತಿಯಲ್ಲಿದ್ದ ಮರೀನ್ ಸೈನಿಕರಲ್ಲಿ ಕಂಡು ವಿವರವಾಗಿ ಬರೆದರು. ಪಟ್ಟಿ ಎಲುಬಿನ ಉಬ್ಬಿನ ಮೇಲೆ ಹಿಂದೆ ಮುಂದೆ ಉಜ್ಜಿ ಉಜ್ಜಿ ಹುಣ್ಣಾಗುತ್ತದೆ ಅಂತ ಆಮೇಲೆ ತುಂಬಾ ವರ್ಷ ಎಲ್ಲರೂ ನಂಬಿದ್ದರು. 2006ರಲ್ಲಿ ದೇಹರಚನೆಯ ತಜ್ಞರು ಇನ್ನೊಂದು ಮಾತು ಹೇಳಿದರು. ಪಟ್ಟಿ ಅಲ್ಲಿ ತೊಡೆ ಎಲುಬಿಗೆ ನಾರುಗಳಿಂದ ಅಂಟಿಕೊಂಡಿದೆ, ಹಾಗೆಲ್ಲ ಹಿಂದೆ ಮುಂದೆ ಜಾರಲು ಸಾಧ್ಯವೇ ಇಲ್ಲ. ಅದರ ಅಡಿಯಲ್ಲಿ ನರಗಳು ತುಂಬಿದ ಕೊಬ್ಬಿನ ಪದರವಿದೆ, ಅದು ಒತ್ತಿಹೋಗಿ ನೋವಾಗುತ್ತದೆ. ಉಜ್ಜುವುದೋ ಒತ್ತುವುದೋ, ನನಗೇನು ವ್ಯತ್ಯಾಸ ಅಂತ ಮೊದಲು ಅನಿಸಿತ್ತು. ಆದರೆ ವ್ಯತ್ಯಾಸ ಉಂಟು. ಆನ್‌ಲೈನಿನಲ್ಲಿ ತರಿಸಿದ ಫೋಮ್ ರೋಲರ್ (ಗಟ್ಟಿ ಸ್ಪಂಜಿನ ಉರುಳೆ) ಮೇಲೆ ಹದಿನೈದು ದಿನ ಆ ನೋವಿನ ಜಾಗವನ್ನೇ ಹಲ್ಲು ಕಚ್ಚಿ ಉರುಳಿಸಿದ್ದೆ. ಮೊದಲೇ ಒತ್ತಿಹೋಗಿ ಸಿಟ್ಟಾದದ್ದನ್ನು ಇನ್ನೂ ಒತ್ತುತ್ತಿದ್ದೆ. ಪಟ್ಟಿಯನ್ನು ಉರುಳಿಸಿ ಉದ್ದ ಮಾಡಲು ಆಗುವುದಿಲ್ಲ. ತೆಂಗಿನ ನಾರಿನ ಹಗ್ಗದ ಮೇಲೆ ಲಟ್ಟಣಿಗೆ ಉರುಳಿಸಿದರೆ ಹಗ್ಗ ಉದ್ದ ಆಗುತ್ತದಾ? ರೋಲರ್ ಬೇಕಾದರೆ ಮೇಲಿನ ಸ್ನಾಯುಗಳಿಗೆ ಹಚ್ಚಿ, ಮಂಡಿಯ ಹತ್ತಿರ ತರಬೇಡಿ ಅಂದಳು.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಮಂಡಿಯ ಹೊರಬದಿ ನೋಯುವುದೆಲ್ಲ ಇದೇ ಅಲ್ಲ. ಊತ ಇದ್ದರೆ, ಮಂಡಿ ಮಡಚಲಾಗದೆ ಸಿಕ್ಕಿಕೊಂಡರೆ, ರಾತ್ರಿ ಮಲಗಿದಾಗಲೂ ನೋವಿದ್ದರೆ ನನ್ನ ಬರಹ ಓದಿ ವ್ಯಾಯಾಮ ಶುರು ಮಾಡಬೇಡಿ. ಮುಟ್ಟಿ ನೋಡುವವರ ಹತ್ತಿರ ಹೋಗಿ.

ಇನ್ನು ಸೈಕಲ್. ಮಳೆಗಾಲದಲ್ಲಿ ಒಂದು ಅಂಗಡಿಯಲ್ಲಿ ಹೊಸ ಸೀಟು ಹಾಕಿಸಿದ್ದೆ. ಅಲ್ಲಿದ್ದ ಹುಡುಗ "ಕಾಲು ಚಾಚಿದಷ್ಟೂ ಸ್ಪೀಡ್ ಜಾಸ್ತಿ" ಅಂತ ಸೀಟನ್ನು ಎತ್ತರಿಸಿ ಹಿಂದಕ್ಕೂ ತಳ್ಳಿಕೊಟ್ಟಿದ್ದ. ನಾನು ಕೇಳದೆ ಒಪ್ಪಿಕೊಂಡೆ. ಅದೇ ತಿಂಗಳು ಶೂ ಕೂಡ ಹೊಸದು, ಶೂವಿನ ಅಡಿಗೆ ಹಾಕಿ ಪೆಡಲಿಗೆ ಸಿಕ್ಕಿಸುವ ಕ್ಲೀಟ್ ಕೂಡ.

ಊರಿನಲ್ಲಿ ಹಳೆಯ ಸೈಕಲ್ ರಿಪೇರಿ ಮಾಡುವವರೊಬ್ಬರಿದ್ದಾರೆ. ಎಪ್ಪತ್ತರ ಹತ್ತಿರ ವಯಸ್ಸು. ಮೀನು ಮಾರುವವರ ಸೈಕಲ್ಲು, ಶಾಲೆ ಮಕ್ಕಳ ಸೈಕಲ್ಲು, ಅವರ ಕೈಗೆ ಹೋಗದ್ದು ಕಡಿಮೆ. ನನ್ನದನ್ನು ಗೋಡೆಗೆ ಒರಗಿಸಿ, "ಹತ್ತಿ ಅಕ್ಕ, ಶೂ ತೆಗೆದು," ಅಂದರು. ಬರಿಗಾಲಿನ ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಪೂರ್ತಿ ಕೆಳಗೆ ತರಲು ಹೇಳಿದರು. ಹಿಮ್ಮಡಿ ಮುಟ್ಟಲೇ ಇಲ್ಲ. ಮುಟ್ಟಿಸಲು ಹೋದರೆ ಸೊಂಟ ಸೀಟಿನಿಂದ ಬಲಕ್ಕೆ ಜಾರಿತು. ಅವರು ಹಿಂದೆ ನಿಂತು ಅದನ್ನೇ ನೋಡಿದರು. "ಪ್ರತಿ ಸುತ್ತಿಗೂ ನೀವು ಹೀಗೆ ಜಾರ್‍ತಾ ಇದ್ರಿ. ಒಂದು ದಿನ ಅಲ್ಲ, ತಿಂಗಳು."

ಸೀಟ್ ಪೋಸ್ಟಿನ ಮೇಲೆ ಮೊದಲಿದ್ದ ಎತ್ತರಕ್ಕೆ ಕಪ್ಪು ಇನ್ಸುಲೇಷನ್ ಟೇಪ್ ಒಂದು ಸುತ್ತು ಸುತ್ತಿದರು. ಆಮೇಲೆ ಕೀಲಿ ಸಡಿಲಿಸಿ ಇಳಿಸಿದರು, ಸ್ವಲ್ಪ, ಇನ್ನೂ ಸ್ವಲ್ಪ. ಹಿಮ್ಮಡಿ ಪೆಡಲಿಗೆ ತಾಗಿ ಕಾಲು ನೇರ ನಿಂತಾಗ ಬಿಗಿ ಮಾಡಿದರು. ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿಗೆ ಬೇಕಾದಷ್ಟು ಬಾಗು ತಾನಾಗಿ ಸಿಗುತ್ತದೆ. ನೂಲಿಗೆ ಒಂದು ನಟ್ಟು ಕಟ್ಟಿ ಮಂಡಿಯ ಮುಂದಿನಿಂದ ಕೆಳಗೆ ಇಳಿಬಿಟ್ಟರು. ನಟ್ಟು ಪೆಡಲಿನ ಅಚ್ಚಿಗಿಂತ ಸಾಕಷ್ಟು ಹಿಂದೆ ತೂಗುತ್ತಿತ್ತು. ಸೀಟನ್ನು ಮುಂದೆ ತಂದು ಮತ್ತೆ ನೂಲು ಹಿಡಿದರು. ಮೂರನೇ ಸಲಕ್ಕೆ ನಟ್ಟು ಅಚ್ಚಿನ ಮೇಲೆ ಬಂದು ನಿಂತಿತು. ಮನೆಗೆ ಬಂದು ಟೇಪಿನಿಂದ ಸ್ಕೇಲ್ ಹಿಡಿದು ಅಳೆದೆ. 14 ಮಿಲಿಮೀಟರ್ ಇಳಿದಿತ್ತು. ನನ್ನ ಹೆಬ್ಬೆರಳಿನ ಉಗುರಿನಷ್ಟು ಉದ್ದ.

ಕ್ಲೀಟ್ ಅವರಿಗೆ ಹೊಸದು. ಶೂವನ್ನು ತಿರುಗಿಸಿ ನೋಡಿ, "ಇದು ಕಾಲನ್ನು ಪೆಡಲಿಗೆ ಮೊಳೆ ಹೊಡೆದ ಹಾಗಾಯ್ತಲ್ಲ," ಅಂದರು. ಎಷ್ಟು ಸರಿಯಾದ ಮಾತು! ಶಿಮಾನೋ ಕಂಪನಿಯ ರೋಡ್ ಕ್ಲೀಟಿನಲ್ಲಿ ಮೂರು ಬಣ್ಣ. ಹಳದಿಯಲ್ಲಿ ಪಾದ 6 ಡಿಗ್ರಿ ಆಚೀಚೆ ತಿರುಗಬಹುದು, ನೀಲಿಯಲ್ಲಿ 2 ಡಿಗ್ರಿ, ಕೆಂಪಿನಲ್ಲಿ ಸೊನ್ನೆ. ನಾನು ಬಣ್ಣ ಚೆಂದ ಅಂತ ಕೆಂಪು ತಂದಿದ್ದೆ. ಬೆಂಚಿನ ಮೇಲೆ ಕೂರಿಸಿ ಕಾಲು ಸುಮ್ನೆ ಇಳಿಬಿಡಲು ಹೇಳಿದರು. ಎಡಪಾದ ನೇರ ನೋಡುತ್ತಿತ್ತು. ಬಲಪಾದ ಸ್ವಲ್ಪ ಹೊರಗೆ. ಹೊರಗೆ ನೋಡಬೇಕಾದ ಆ ಪಾದವನ್ನು ನಾನು ಬೆರಳು ಒಳಗೆ ಮಾಡಿ ಬಿಗಿದು ಕಟ್ಟಿದ್ದೆ. ಹಾಗೆ ಕಟ್ಟಿದಾಗ ಪಟ್ಟಿ ಇನ್ನಷ್ಟು ಎಳೆದು ನಿಲ್ಲುತ್ತದೆ. ಹಳದಿ ತರಿಸಿ, ಅವರು ಹೇಳಿದ ಓರೆಗೇ ಕೂರಿಸಿದೆ.

ಸೈಕಲ್ ಸರಿಯಾದದ್ದು ಒಂದು ಮಧ್ಯಾಹ್ನದಲ್ಲಿ. ಸೊಂಟಕ್ಕೆ ಬೇಕಾದದ್ದು ತಿಂಗಳುಗಳು.

ಚಾವಡಿಯ ಕೆಂಪು ನೆಲದಲ್ಲಿ ಚಾಪೆ ಹಾಸಿ ಎಡಮಗ್ಗುಲಿಗೆ ಮಲಗಬೇಕು. ಬೆನ್ನು, ಹಿಮ್ಮಡಿ ಎರಡೂ ಗೋಡೆಗೆ ತಾಗಿರಬೇಕು. ಬಲಗಾಲನ್ನು ಗೋಡೆಗೆ ಒತ್ತಿಕೊಂಡೇ ನಿಧಾನ ಮೇಲೆತ್ತಬೇಕು. ಒತ್ತದಿದ್ದರೆ ಕಾಲು ಮುಂದೆ ಬಂದು ಮುಂದಿನ ಸ್ನಾಯುವೇ ಕೆಲಸ ಕದ್ದುಬಿಡುತ್ತದೆ. ಮೊದಲ ದಿನ ಎಂಟನೇ ಸಲಕ್ಕೆ ಕಾಲು ನಡುಗಲು ಶುರುವಾಯಿತು. ನೂರು ಕಿಲೋಮೀಟರ್ ತುಳಿಯುವ ಕಾಲು, ಬರೀ ತನ್ನ ಭಾರವನ್ನು ಹನ್ನೆರಡು ಸಲ ಎತ್ತಲಾರದು. ಸೈಕಲ್ ಕಾಲನ್ನು ಹಿಂದೆ ಮುಂದೆ ಮಾತ್ರ ದುಡಿಸುತ್ತದೆ, ಬದಿಗೆ ಅಲ್ಲ ಅಂತ ಫಿಸಿಯೋ ಹೇಳಿದ್ದು ಆಗ ಅರ್ಥವಾಯಿತು. ಇದರ ಜೊತೆ ಬೆನ್ನ ಮೇಲೆ ಮಲಗಿ ಸೊಂಟ ಎತ್ತುವ ಬ್ರಿಡ್ಜ್, ಮಗ್ಗುಲಾಗಿ ಮೊಣಕೈ ಊರಿ ಮೈ ಎತ್ತಿ ಹಿಡಿಯುವ ಸೈಡ್ ಪ್ಲಾಂಕ್. ತಿಂಗಳ ಮೇಲೆ ಮೆಟ್ಟಿಲಿನ ಅಂಚಿನಲ್ಲಿ ಒಂಟಿ ಕಾಲಲ್ಲಿ ನಿಂತು ಇನ್ನೊಂದು ಹಿಮ್ಮಡಿಯನ್ನು ನೆಲಕ್ಕೆ ತಾಗಿಸಿ ಬರುವುದು, ಸೊಂಟ ಜಾರದ ಹಾಗೆ. 2000ನೇ ಇಸವಿಯಲ್ಲಿ ಅಮೆರಿಕದಲ್ಲಿ ಇದೇ ನೋವಿದ್ದ 24 ಓಟಗಾರರಿಗೆ ಆರು ವಾರ ಸೊಂಟದ ಬದಿಯ ಸ್ನಾಯುಗಳನ್ನು ಗಟ್ಟಿ ಮಾಡುವ ವ್ಯಾಯಾಮ ಮಾಡಿಸಿದಾಗ 22 ಜನ ನೋವಿಲ್ಲದೆ ಓಟಕ್ಕೆ ಮರಳಿದರು. ಅವರು ಓಡುವವರು, ನಾನು ತುಳಿಯುವವಳು. ಆದರೂ ಆ ಲೆಕ್ಕವನ್ನು ನಾನು ಎಷ್ಟು ಸಲ ನೆನೆಸಿಕೊಂಡಿದ್ದೇನೋ.

ಕೆಲವು ವಾರಗಳಲ್ಲಿ ಗೋಡೆಯ ಸುಣ್ಣದ ಮೇಲೆ ಹಿಮ್ಮಡಿ ಉಜ್ಜಿದ ಗೆರೆ ಬಿತ್ತು, ಬಿಲ್ಲಿನ ಹಾಗೆ ಬಾಗಿದ ಕಂದು ಗೆರೆ. ಅತ್ತೆ ಅದನ್ನು ನೋಡಿ, "ಎಂತಕ್ಕೆ ಮಾರಾಯ್ತಿ ದಿನಾ ಗೋಡೆಗೆ ಕಾಲು ಉಜ್ಜೂದು?" ಅಂದರು. ಕುಳಿತು ಎಲ್ಲ ಹೇಳಿದೆ. ಮಳೆಗಾಲದಲ್ಲಿ ಹೆಚ್ಚುಕಡಿಮೆ ಸೈಕಲ್ಲೇ ಬಿಟ್ಟಿದ್ದು, ಅಕ್ಟೋಬರಿನ ಮೊದಲ ವಾರ 40 ಕಿಲೋಮೀಟರ್, ಮೂರನೇ ವಾರ 180. ಅವರು ಗದ್ದೆ ಕೆಲಸ ಮಾಡಿ ಬಂದವರು. "ನೇಜಿ ನೆಡ್ಲಿಕ್ಕೆ ಇಳಿದ ಮೊದಲ ದಿನ ನಾವು ಮಧ್ಯಾಹ್ನಕ್ಕೇ ಮೇಲೆ ಬರ್ತಿದ್ದೆವು," ಅಂದರು. "ಇಡೀ ವರ್ಷ ಬಾಗದ ಸೊಂಟ. ಮೊದಲ ದಿನವೇ ಸಂಜೆವರೆಗೆ ನೆಟ್ರೆ ಮರುದಿನ ಏಳ್ಲಿಕ್ಕುಂಟಾ?" ಫಿಸಿಯೋ ಚೀಟಿಯಲ್ಲಿ ಬರೆದುಕೊಟ್ಟದ್ದೂ ಅದನ್ನೇ. ಆದರೆ ನನಗೆ ನಾಟಿದ್ದು ಅತ್ತೆಯ ಮಾತು.

ಡಿಸೆಂಬರಿನಲ್ಲಿ ಮತ್ತೆ ತುಳಿಯಲು ಒಪ್ಪಿಗೆ ಸಿಕ್ಕಿತು. ಹದಿನೈದು ನಿಮಿಷ. ದಿನ ಬಿಟ್ಟು ದಿನ. ಸಪಾಟು ದಾರಿ, ಹಗುರ ಗೇರ್, ನಿಮಿಷಕ್ಕೆ 85ರ ಮೇಲೆ ಸುತ್ತು. ಮನೆಯವರು ಸೈಕಲನ್ನು ಕಾರಿಗೆ ಹಾಕಿ ಮಲ್ಪೆ ದಾಟಿಸಿ ಪಡುಕರೆ ಸೇತುವೆಯ ಆಚೆ ಇಳಿಸುತ್ತಿದ್ದರು, ಸೇತುವೆಯ ಏರು ಕೂಡ ಬೇಡ ಅಂತ. ಅಲ್ಲಿಂದ ದಕ್ಷಿಣಕ್ಕೆ ಹೋಗುವ ದಾರಿ ನೋಡಿದವರಿಗೆ ಗೊತ್ತು. ಬಲಗಡೆ ಕಡಲು, ಎಡಗಡೆ ಮನೆ, ತೆಂಗು, ಅದರಾಚೆ ಹೊಳೆ. ಬೆಳಗಿನ ಹೊತ್ತಿಗೆ ಅಂಗಳದಲ್ಲಿ ಬಲೆ ಹರಡಿರುತ್ತಾರೆ. ಏಳೂವರೆ ನಿಮಿಷಕ್ಕೆ ವಾಪಸ್ ತಿರುಗಬೇಕು. ಆ ಜಾಗದಲ್ಲಿ ಒಂದು ದೋಣಿ ಕವುಚಿ ಹಾಕಿತ್ತು, ನೀಲಿ ಬಣ್ಣದ್ದು.

ಅಲ್ಲಿಂದ ತಿರುಗುವುದು ನನಗೆ ವ್ಯಾಯಾಮಕ್ಕಿಂತ ಕಷ್ಟವಾಯಿತು. ನೋವಿಲ್ಲ. ಗಾಳಿ ತಣ್ಣಗಿದೆ. ಉಸಿರು ಈಗಷ್ಟೇ ಲಯಕ್ಕೆ ಬಂದಿದೆ. ದಾರಿ ಖಾಲಿ. ನೋವು ಬಂದ ಮೇಲೆ ನಿಲ್ಲಿಸುವುದು ಯಾರಿಗಾದರೂ ಬರುತ್ತದೆ. ಏನೂ ಇಲ್ಲದಾಗ, ಇನ್ನೂ ಬೇಕು ಅನ್ನುವಾಗ ಹ್ಯಾಂಡಲ್ ತಿರುಗಿಸಬೇಕಲ್ಲ, ಅದಕ್ಕೆ ನನಗೆ ಬೇರೆಯದೇ ಶಕ್ತಿ ಬೇಕಾಯಿತು. ಮೊದಲ ದಿನ ದೋಣಿಯ ಹತ್ತಿರ ನಿಂತು ಕಣ್ಣಲ್ಲಿ ನೀರು ಬಂತು. ಬಲೆ ರಿಪೇರಿ ಮಾಡುತ್ತಿದ್ದ ಹೆಂಗಸೊಬ್ಬರು ತಲೆ ಎತ್ತಿ ನೋಡಿ, "ಸೈಕಲ್ ಹಾಳಾಯ್ತಾ ಅಕ್ಕ?" ಅಂತ ಕೇಳಿದರು. ಇಲ್ಲ, ಸರಿ ಉಂಟು ಅಂದೆ. ಅದು ನಿಜವೇ ಆಗಿತ್ತು.

ನೋವಿಲ್ಲದ ಎರಡು ಸವಾರಿ ಆದರೆ ಐದು ನಿಮಿಷ ಸೇರಿಸಬಹುದು. ದೋಣಿ ಹಿಂದೆ ಬಿತ್ತು, ಆಮೇಲೆ ಒಂದು ಭಜನಾ ಮಂದಿರ, ಆಮೇಲೆ ಗಾಳಿ ಮರಗಳ ಸಾಲು. ಜನವರಿಯಲ್ಲಿ ನಲವತ್ತು ನಿಮಿಷಕ್ಕೆ ಬಂದಿದ್ದೆ. ಆ ವಾರ ತಪ್ಪು ಮಾಡಿದೆ. ಇಂದ್ರಾಳಿಯಿಂದ ಮಣಿಪಾಲದ ಏರು ಹತ್ತಿ ನೋಡೋಣ ಅನಿಸಿತು, ಅದೂ ಭಾರದ ಗೇರಿನಲ್ಲಿ. ಏರುವಾಗ ಏನೂ ಆಗಲಿಲ್ಲ. ಸಂಜೆ ಮನೆಯ ಮೆಟ್ಟಿಲು ಇಳಿಯುವಾಗ ಮಂಡಿ ಹೇಳಿತು. ಆ ರಾತ್ರಿ ನಿದ್ದೆ ಬರಲಿಲ್ಲ. ಎಲ್ಲ ಮತ್ತೆ ಸೊನ್ನೆಯಿಂದ ಅಂದುಕೊಂಡೆ. ಫಿಸಿಯೋ ಹಾಗೆ ಹೇಳಲಿಲ್ಲ. ನಾಲ್ಕು ದಿನ ಐಸ್ ಇಡಿ, ಗೋಡೆಯ ವ್ಯಾಯಾಮ ಬಿಡಬೇಡಿ, ಇಪ್ಪತ್ತು ನಿಮಿಷದಿಂದ ಶುರು ಮಾಡಿ. "ಗಳಿಸಿದ್ದು ಎಲ್ಲಿಗೂ ಹೋಗಿಲ್ಲ ಮೇಡಂ. ಸೊಂಟ ನೋಡಿ." ಕನ್ನಡಿಯ ಎದುರು ಬಲಗಾಲಲ್ಲಿ ನಿಂತು ಕುಕ್ಕರಿಸಿದೆ. ಸೊಂಟ ಜಾರಲಿಲ್ಲ.

ಮಾರ್ಚ್‌ನಲ್ಲಿ ಒಂದು ಭಾನುವಾರ ಹಳೆಯ ತಂಡದ ಜೊತೆ ಹೊರಟೆ, ಮನೆಯಿಂದಲೇ. ಸೇತುವೆ ಹತ್ತಿ ಇಳಿದು ಪಡುಕರೆ, ಮಟ್ಟು, ಅಲ್ಲಿಂದ ಕಡಲ ಬದಿಯಲ್ಲೇ ಕಾಪು. ದೀಪಸ್ತಂಭದ ಬಂಡೆಯ ಬುಡದಲ್ಲಿ ಎಳನೀರು ಕುಡಿದೆವು. 1901ರಿಂದ ಅಲ್ಲೇ ನಿಂತಿದೆ ಅದು. ಉಳಿದವರು ಪಡುಬಿದ್ರಿಗೆ ಹೋಗುವವರಿದ್ದರು. "ಬಾ ಅಕ್ಕ, ಇನ್ನು ಎಷ್ಟು ದೂರ ಮಹಾ," ಅಂದರು. ಮಂಡಿಯಲ್ಲಿ ಏನೂ ಇರಲಿಲ್ಲ. ನಾನು ಇಲ್ಲಿಂದ ವಾಪಸ್ ಅಂದೆ. ಯಾರೂ ಒತ್ತಾಯ ಮಾಡಲಿಲ್ಲ.

ಮಟ್ಟುವಿನಲ್ಲಿ ಗದ್ದೆಯ ಬದಿ ನಿಲ್ಲಿಸಿದೆ. ಇಲ್ಲಿಯ ಬದನೆ ಮಟ್ಟು ಗುಳ್ಳಕ್ಕೆ 2011ರಲ್ಲಿ ಜಿಐ ಗುರುತು, ಅಂದರೆ ಇದು ಈ ಊರಿನದೇ ಬೆಳೆ ಅನ್ನುವ ಮಾನ್ಯತೆ, ಸಿಕ್ಕಿದೆ. ಅದರ ಬೀಜ ವಾದಿರಾಜರು ಕೊಟ್ಟದ್ದು ಅಂತ ಇಲ್ಲಿಯವರು ನಂಬುತ್ತಾರೆ. ನನಗೆ ಅವತ್ತು ಅತ್ತೆಗೆ ಇಷ್ಟ ಅನ್ನುವುದಷ್ಟೇ ತಲೆಯಲ್ಲಿತ್ತು. ಆಗಷ್ಟೇ ಕೊಯ್ದ ನಾಲ್ಕು ಗುಳ್ಳ ತೆಗೆದುಕೊಂಡು ಜೆರ್ಸಿಯ ಹಿಂದಿನ ಜೇಬಿಗೆ ಹಾಕಿದೆ. ಬಿಸಿಲು ಏರುವ ಮೊದಲು ಮನೆ ಸೇರಬೇಕಿತ್ತು. ಎಡಗಡೆ ಕಡಲು, ಹಗುರ ಗೇರ್, ನಿಧಾನ. ಪ್ರತಿ ಸುತ್ತಿಗೂ ಗುಳ್ಳದ ತೊಟ್ಟಿನ ಮುಳ್ಳು ಬೆನ್ನಿಗೆ ಚುಚ್ಚುತ್ತಿತ್ತು. ಮಂಡಿ ಸುಮ್ಮನಿತ್ತು.